ಅಟ್ಟದ ಫ್ಯಾನಿಗೆ ಯಾವ ದಿಕ್ಕು

ಹೊಳೆನರಸೀಪುರದ ನಮ್ಮ ಮನೆ ಹೆಂಚಿನದು. ಮೂರು ಕೋಣೆಗಳ ಮೇಲೂ ಹಲಗೆ ಹೊದಿಸಿದ ಒಂದೇ ಅಟ್ಟ. ಬೇಸಿಗೆಯಲ್ಲಿ ಹೆಂಚು ಕಾದು, ಅಟ್ಟದೊಳಗೆ ಕೂಡಿಕೊಂಡ ಧಗೆ ಮಧ್ಯಾಹ್ನದ ಹೊತ್ತಿಗೆ ಕೆಳಗಿಳಿಯುತ್ತಿತ್ತು. ಅತ್ತೆಗೆ ಉಬ್ಬಸ. ರಾತ್ರಿಯನ್ನು ಹೇಗೋ ಕಳೆಯುತ್ತಿದ್ದವರು ಆ ಹೊತ್ತಿನಲ್ಲಿ ಮಲಗಲಾರದೆ, ದಿಂಬು ತಬ್ಬಿ ಮುಂದಕ್ಕೆ ಬಾಗಿ, ಉಸಿರಿಗಾಗಿ ಒದ್ದಾಡುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಕರೆಂಟು ಹೋಗುತ್ತಿದ್ದುದೂ ಸರಿಯಾಗಿ ಅದೇ ಹೊತ್ತಿಗೆ.

ಅರಕಲಗೂಡಿನ ಆಫೀಸಿಗೆ ಓಡಾಡುತ್ತಿದ್ದ ನನ್ನ ಯಜಮಾನರು ಅಲ್ಲಿ ಯಾರದೋ ಮನೆಯಲ್ಲಿ ಸೋಲಾರ್ ಫ್ಯಾನು ನೋಡಿಕೊಂಡು ಬಂದರು. ಅಟ್ಟದ ಗೋಡೆಗೆ ಕೂರಿಸಿದರೆ ಬಿಸಿಗಾಳಿಯನ್ನು ಹೊರಕ್ಕೆ ದಬ್ಬುತ್ತದಂತೆ. ಬಿಸಿಲಿದ್ದರೆ ಸಾಕು, ಕರೆಂಟು ಬೇಡ. ಯುಗಾದಿಗೆ ಮೊದಲೇ ಹಾಸನದಿಂದ ಒಬ್ಬ ಮೇಸ್ತ್ರಿ ಬಂದು ಫ್ಯಾನು ಕೂರಿಸಿದ. ಸೂರಿನ ಮೇಲೆ ಸೋಲಾರ್ ಪ್ಲೇಟು ಇಡುವಾಗ ತಕರಾರು ಶುರುವಾಯಿತು.

"ತೆಂಕ್ಲಾಗಿ ಮಡಗ್ಬೇಕು ಸ್ವಾಮಿ. ಆಗ್ಲೇ ಸಂಜೆಗಂಟ ತಿರುಗೋದು" ಎಂದ ಮೇಸ್ತ್ರಿ.

ಮಾವ ಪೌರೋಹಿತ್ಯ ಮಾಡುತ್ತಿದ್ದವರು. "ದಕ್ಷಿಣ ಯಮನ ದಿಕ್ಕಯ್ಯ. ಕಾಯಿಲೆಯವರು ಇರೋ ಮನೆ ಇದು. ಪೂರ್ವಕ್ಕೆ ಇಡು" ಎಂದರು.

"ಮೂಡ್ಲಾಗಿ ಮಡಗಿದ್ರೆ ಮಧ್ಯಾನ ಆಗ್ತಿದ್ದಂಗೆ ನಿಂತೋಯ್ತದೆ. ಟೀಚರಮ್ಮಾರೆ, ನೀವಾರ ಯೋಳಿ" ಎಂದು ಅವನು ನನ್ನ ಕಡೆ ತಿರುಗಿದ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮಕ್ಕಳು ಸೂರ್ಯನ ಪಾಠ ತಪ್ಪು ಒಪ್ಪಿಸಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು. ಶಾಲೆಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ, ಆದರೆ ಮಾವನ ಎದುರು ನಾಲಿಗೆ ಏಳಲಿಲ್ಲ. ಹಾಲು ಉಕ್ಕುತ್ತದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಪ್ಲೇಟು ಪೂರ್ವಕ್ಕೆ ಕೂತಿತು. ಬೆಳಗ್ಗೆ, ಇನ್ನೂ ತಂಪಿರುವಾಗ, ಫ್ಯಾನು ಭರ್ರೋ ಎಂದು ತಿರುಗುತ್ತಿತ್ತು. ಮಾವ ಅಂಗಳದಲ್ಲಿ ನಿಂತು ಸಮಾಧಾನದಿಂದ ನೋಡುತ್ತಿದ್ದರು. ಎರಡು ಗಂಟೆ ದಾಟಿದರೆ ಅದು ಕುಂಟುತ್ತಾ ಕುಂಟುತ್ತಾ ನಿಂತುಬಿಡುತ್ತಿತ್ತು. ಅತ್ತೆ ಎದ್ದು ದಿಂಬು ತಬ್ಬಿಕೊಳ್ಳುತ್ತಿದ್ದರು. ಹೀಗೆ ಎರಡು ತಿಂಗಳು.

ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಅವರ ಬೆನ್ನು ನೀವುತ್ತಾ ಕೂತಿದ್ದೆ.

"ಯಾಕೇ ನಿಂತೋಗತ್ತೆ ಅದು, ಬೇಕಾದ ಹೊತ್ತಿಗೇ?" ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಗೊತ್ತಿದ್ದವಳು ಮೊದಲೇ ಹೇಳೋಕ್ಕೆ ಏನಾಗಿತ್ತು ನಿನಗೆ?"

ಅವರು ಪಡಸಾಲೆಯಲ್ಲಿದ್ದ ಮಾವನನ್ನು ಕರೆದು, ಒಂದೊಂದು ಮಾತಿಗೂ ಉಸಿರೆಳೆದುಕೊಳ್ಳುತ್ತಾ ಹೇಳಿದರು. "ತಿರುಗಿಸಿಬಿಡಿ ಅತ್ಲಾಗೆ. ಯಮನಿಗೆ ಹೆದರೋರು ನೀವು. ಉಸಿರು ಕಟ್ಟಿ ಕೂತಿರೋಳು ನಾನು."

ಮಾವ ಆಗಲೇ ಹಾಸನಕ್ಕೆ ಹೇಳಿಕಳಿಸಿದರು. ಮರುದಿನವೇ ಮೇಸ್ತ್ರಿ ಬಂದು ಪ್ಲೇಟನ್ನು ದಕ್ಷಿಣಕ್ಕೆ ತಿರುಗಿಸಿದ. ಆಮೇಲಿನ ಮಧ್ಯಾಹ್ನಗಳಲ್ಲಿ ಅತ್ತೆ ಮಗ್ಗುಲಾಗಿ ಮಲಗಿ ನಿದ್ದೆ ಮಾಡಿದರು. ಗೊರಕೆಯೂ ಕೇಳುತ್ತಿತ್ತು. ಅಂಥ ದಿನಗಳು ಸಿಕ್ಕಿದ್ದು ಇಪ್ಪತ್ತೋ ಇಪ್ಪತ್ತೆರಡೋ. ಮಳೆ ಹಿಡಿದು ಥಂಡಿ ಏರಿದಾಗ ಉಬ್ಬಸ ಕೆರಳಿತು, ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ಚನ್ನರಾಯಪಟ್ಟಣದಿಂದ ಬಂದಿದ್ದ ಮಾವನ ಅಕ್ಕ ಅಂಗಳದಲ್ಲಿ ನಿಂತು ಸೂರು ನೋಡಿದರು. "ದಕ್ಷಿಣಕ್ಕೆ ತಿರುಗಿಸಿದ್ದು ಯಾರು? ಇವಳ ಓದು ತಾನೇ?" ಎಂದು ನನ್ನ ಕಡೆ ಕೈ ತೋರಿಸಿದರು. ನೆರೆದವರೆಲ್ಲ ನನ್ನನ್ನೇ ನೋಡಿದರು.

ಮಾವ ಎದ್ದು ಬಂದರು. "ಅವಳನ್ನು ಅನ್ನಬೇಡ ಅಕ್ಕ. ಪೂರ್ವಕ್ಕೆ ಇಡಿಸಿದವನು ನಾನು. ನನ್ನ ಹೆಂಡತಿಯ ಎರಡು ತಿಂಗಳ ನಿದ್ದೆ ಕಿತ್ತುಕೊಂಡೆ. ಅದು ನನ್ನ ತಲೆ ಮೇಲೇ ಇರಲಿ."

ಅದರಲ್ಲಿ ಅರ್ಧ ನನ್ನದು ಎನ್ನಬೇಕಿತ್ತು. ಹೇಳಲಿಲ್ಲ. ಮುಂದೆ ಆರು ವರ್ಷ ಒಂದೇ ಮನೆಯಲ್ಲಿ ಅವರಿಗೆ ಅನ್ನ ಬಡಿಸಿದೆ, ಆಗಲೂ ಹೇಳಲಿಲ್ಲ. ಅದಷ್ಟನ್ನೂ ಅವರೊಬ್ಬರೇ ಹೊತ್ತುಕೊಂಡು ಹೋದರು.