ಕೇಳುವ ಮೊದಲೇ ಬಡಿಸುವ ಮನೆ

ನನ್ನ ಗಂಡನ ಮನೆಯವರು ಕುಂದಾಪುರದ ಕಡೆಯವರು. ಊಟಕ್ಕೆ ಕೂತವರು ಬಾಯಿಬಿಟ್ಟು ಸಾರು ಕೇಳಿದರೆ ಅಲ್ಲಿ ಬಡಿಸುವವಳ ಮಾನ ಹೋದಂತೆ. ಅತ್ತೆ ಎಲೆ ನೋಡಿಯೇ ಹೊಟ್ಟೆ ಅಳೆಯುತ್ತಿದ್ದರು. ಮೊಮ್ಮಗಳನ್ನು ನೋಡಿಕೊಳ್ಳಲು ಕಡಲಾಚೆ ಫೆಲ್ಥಮ್‌ನ ನಮ್ಮ ಫ್ಲಾಟಿಗೆ ಬಂದಾಗ ಹಪ್ಪಳ, ಸಂಡಿಗೆಯ ಜೊತೆ ಈ ಅಭಿಮಾನವನ್ನೂ ಕಟ್ಟಿಕೊಂಡೇ ಬಂದಿದ್ದರು.

ನನಗೆ ವಿಮಾನ ನಿಲ್ದಾಣದಲ್ಲಿ ಶಿಫ್ಟ್ ಕೆಲಸ, ಗಂಡನಿಗೆ ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ. ಮಗಳು ಹಗಲೆಲ್ಲ ಅಜ್ಜಿಯ ಮಡಿಲಲ್ಲಿ. ಎರಡು ವರ್ಷ ತುಂಬಿ ತಿಂಗಳುಗಳಾಗಿದ್ದವು. ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಕಿವಿ ಸರಿಯಿದೆ ಎಂದು ಇಲ್ಲಿನ ಡಾಕ್ಟರೂ ಹೇಳಿದ್ದರು. ಬಾಯಿಂದ ಮಾತ್ರ ಒಂದು ಮಾತೂ ಹೊರಡದು. ಇವಳು ನನ್ನನ್ನು ಅಮ್ಮ ಎಂದು ಕರೆಯುತ್ತಾಳೋ ಇಲ್ಲವೋ ಎಂಬ ಭಯ ಬಸ್ಸಿನಲ್ಲೂ ನನ್ನ ಬೆನ್ನು ಬಿಡುತ್ತಿರಲಿಲ್ಲ.

ಮಕ್ಕಳ ಕೇಂದ್ರದ ಸ್ಪೀಚ್ ಥೆರಪಿಸ್ಟ್ ಫೋನಿನಲ್ಲೊಂದು ಗ್ರೂಪ್ ಮಾಡಿದ್ದರು. ಮಾತು ತಡವಾದ ಮಕ್ಕಳ ತಾಯಂದಿರು, ಅಜ್ಜಿಯರು ಎಲ್ಲ ಅದರಲ್ಲಿದ್ದರು. ವಾರಕ್ಕೊಂದು ಪುಟ್ಟ ವಿಡಿಯೊ ಬರುತ್ತಿತ್ತು. ಅದರಂತೆ ಮನೆಯಲ್ಲಿ ಮಾಡಿ ನಮ್ಮ ವಿಡಿಯೊ ಹಾಕಬೇಕು. ಮಗುವಿನ ಜೊತೆ ಮನೆಮಾತಿನಲ್ಲೇ ಮಾತಾಡಿ ಎಂದು ಅವರು ಹೇಳಿದಾಗ ಅತ್ತೆ ಹಿಗ್ಗಿದರು. ಮುಂದಿನ ವಾರದ ಪಾಠವೇ ಎಡವಟ್ಟಾಯಿತು: ಮಗುವಿಗೆ ಬೇಕಾದ್ದನ್ನು ಸ್ವಲ್ಪವೇ ಕೊಡಿ, ಆಮೇಲೆ ಅದೇ ಬಾಯಿಬಿಟ್ಟು ಕೇಳಲಿ ಎಂದು ಮುಖ ನೋಡುತ್ತ ಕಾಯಿರಿ.

"ಹಸ್ದ್ ಮಗಿನ ಎದ್ರ್ ಸುಮ್ನೆ ಕೂಕಂಬುದಾ? ನನ್ ಹತ್ರ ಆತಿಲ್ಲೆ," ಎಂದು ಅತ್ತೆ ರೇಗಿದರು. "ಅದನ್ನ್ ಫೋನಿಗ್ ಬೇರೆ ಹಾಕುದಾ? ಕಂಡವ್ರ್ ಎಂತ ಹೇಳ್ತ್ರ್?"

"ಹಸಿವಲ್ಲ ಅತ್ತೆ, ಬಾಳೆಹಣ್ಣಿನ ಎರಡನೇ ತುಂಡು ಅಷ್ಟೇ."

ಒಪ್ಪಿದಂತೆ ಕೂರುತ್ತಿದ್ದರು. ಮಗಳು ಬಟ್ಟಲಿನತ್ತ ಕಣ್ಣು ಹೊರಳಿಸುವಷ್ಟರಲ್ಲಿ ತುಂಡು ಅವಳ ಬಾಯಲ್ಲಿರುತ್ತಿತ್ತು. ನನಗೋ ಅಳುವೂ ನಗುವೂ ಒಟ್ಟಿಗೇ. ನಾನೇ ಆ ಮಗುವಾಗಿದ್ದರೂ ಮಾತು ಕಲಿಯುವ ಗೋಜಿಗೆ ಹೋಗುತ್ತಿರಲಿಲ್ಲ.

ಒಂದು ದಿನ ಯಾರೋ ಪಂಜಾಬಿ ಅಜ್ಜಿಯ ವಿಡಿಯೊ ಬಂತು. ಮೊಮ್ಮಗನ ಮುಂದೆ ಬಿಸ್ಕತ್ತಿನ ಡಬ್ಬಿ ಇಟ್ಟು, ತಮ್ಮ ಕೈಯನ್ನು ತಮ್ಮದೇ ತೊಡೆಯಡಿ ಒತ್ತಿಕೊಂಡು ಕೂತಿದ್ದರು. ಕೊನೆಗೂ ಹುಡುಗ ಏನೋ ಅಂದ. ಅತ್ತೆಗೆ ಆ ಭಾಷೆ ಬಾರದು, ಆ ಕೈಯ ಸಂಕಟ ಮಾತ್ರ ಚೆನ್ನಾಗಿ ಅರ್ಥವಾಯಿತು. "ಪಾಪ, ಇವ್ರ್ ಕೈಯೂ ನಿಲ್ತಿಲ್ಲೆ ಕಾಣ್," ಎಂದು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

ಮರುದಿನ ಊಟಕ್ಕೆ ಕೂತರೆ ಅತ್ತೆ ಬಡಿಸಲೇ ಇಲ್ಲ. ಸೌಟು ಹಿಡಿದು ನಿಂತಿದ್ದರು. "ಕೇಣಿ. ದೊಡ್ಡವ್ರ್ ಕೇಂಡ್ರೆ ಅಲ್ದಾ ಮಗು ಕಲಿಯುದ್?" ಈ ಉಪಾಯ ಯಾವ ವಿಡಿಯೊದಲ್ಲೂ ಇರಲಿಲ್ಲ, ಅದು ಅವರದೇ. "ಸಾರು ಬೇಕು ಅತ್ತೆ," ಎಂದೆ ನಾಚುತ್ತ. "ಅಮ್ಮ, ಬೇಕ್," ಎಂದ ಅವರ ಮಗ. ಅಂದಿನಿಂದ ನಮ್ಮ ಮನೆಯಲ್ಲಿ ಕೇಳದವರಿಗೆ ಊಟವಿಲ್ಲ. ಮಗಳೊಬ್ಬಳಿಗೆ ಮಾತ್ರ ಮೊದಲು ಸ್ವಲ್ಪ, ಆಮೇಲೆ ಕಾಯುವುದು.

ವಾರಗಳು ಕಳೆದವು. ಒಂದು ಭಾನುವಾರ ಮಗಳು ಖಾಲಿ ತಟ್ಟೆ ನೋಡಿದಳು, ಅಪ್ಪನನ್ನು ನೋಡಿದಳು, ಅವನಂತೆಯೇ ಅಜ್ಜಿಯತ್ತ ಮುಖವೆತ್ತಿ, "ಅಮ್ಮ, ಬೇಕ್," ಎಂದಳು.

ನನ್ನ ಎದೆ ಹಿಗ್ಗಿತು, ಮರುಕ್ಷಣವೇ ಚುರುಕ್ಕೆಂದಿತು. ಅಷ್ಟು ಕಾದ ಆ ಕರೆ ನನಗೆ ಬಂದಿರಲಿಲ್ಲ.

ಅತ್ತೆಯ ಕಣ್ಣು ತುಂಬಿತ್ತು. ಆದರೂ ಬಡಿಸಲಿಲ್ಲ. ಯಾರಿಗೂ ಬಿಟ್ಟುಕೊಡದ ಆ ಸೌಟನ್ನು ನನ್ನ ಕೈಗಿಟ್ಟು, "ಅಮ್ಮ ಅಲ್ಲಿ ಕಾಣ್ ಮಗಾ. ಅವ್ಳತ್ರ ಕೇಣ್," ಎಂದರು.

ಮಗಳು ನನ್ನತ್ತ ತಿರುಗಿದಳು. "ಅಮ್ಮ, ಬೇಕ್."

ಬಡಿಸುವ ಅವಸರದಲ್ಲಿ ಅರ್ಧ ಸಾರು ಮೇಜಿನ ಮೇಲೆ ಚೆಲ್ಲಿದೆ. ಅತ್ತೆ ಅದನ್ನು ತಮ್ಮ ಸೆರಗಿನಿಂದಲೇ ಒರೆಸಿದರು.