ಹದಿನೆಂಟುನೂರರ ಫೇರಿಂಗು

ಕಳೆದ ಭಾನುವಾರ ಬೆಳಿಗ್ಗೆ ಅಟ್ಟ ಖಾಲಿ ಮಾಡಲು ಸ್ಟೂಲು ಹತ್ತಿದೆ. ಅಟ್ಟ ಎಂದೊಡನೆ ದೊಡ್ಡ ಮನೆಯನ್ನು ಊಹಿಸಿಕೊಳ್ಳಬೇಡಿ. ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಚ್ಚಲಿನ ಮೇಲೆ ಕಟ್ಟಿದವರು ಹೇಗೋ ಉಳಿಸಿಹೋದ ಒಂದು ಪೊಟರೆಗೆ ನಾವು ಆ ಹೆಸರಿಟ್ಟಿದ್ದೇವೆ. ಹೆಂಡತಿ ಗಿರಿಜಾ ಬಜಾರಿಗೆ ಹೊರಡುವಾಗ, ತಾನು ಬರುವಷ್ಟರಲ್ಲಿ ಅದು ಖಾಲಿಯಾಗಿರಬೇಕೆಂದು ಹೇಳಿ ಹೋಗಿದ್ದಳು. ಸ್ಟೂಲಿನ ಕಾಲು ಹಿಡಿದುಕೊಳ್ಳುವ ಕೆಲಸವನ್ನು ಅವಳ ತಂದೆ ಚೆನ್ನಬಸಪ್ಪನವರಿಗೆ ವಹಿಸಿದ್ದಳು. ಎಂಬತ್ತು ದಾಟಿದ ನನ್ನ ಮಾವ ಸ್ಟೂಲನ್ನೇನೂ ಹಿಡಿಯಲಿಲ್ಲ. ಎದುರಿಗೆ ಕುರ್ಚಿ ಹಾಕಿಕೊಂಡು, ನಾನು ಯಾವ ಕಡೆ ಬೀಳುತ್ತೇನೆಂದು ನೋಡುತ್ತಾ ಕುಳಿತಿದ್ದರು.

ಹಳೆಯ ಕುಕ್ಕರು, ಗುಂಡಿ ಉದುರಿದ ಕೀಬೋರ್ಡು, ಯಾರದೋ ಮದುವೆಯಲ್ಲಿ ಬಂದ ಹನ್ನೊಂದು ಸ್ಟೀಲ್ ತಟ್ಟೆ, ಇವುಗಳ ಹಿಂದೆ ಕೈ ಹಾಕಿದಾಗ ಆ ವಾಸನೆ ಬಂತು. ಹಳೆಯ ಫೈಬರು, ಪೇಂಟು, ಮೇಲೊಂದಿಷ್ಟು ಎಂಜಿನ್ ಆಯಿಲು. ಎಳೆದೆ. ಧೂಳು ಮೆತ್ತಿದ, ಮುಂದೆ ಎರಡು ದೊಡ್ಡ ತೂತುಗಳಿರುವ ನೀಲಿ ಫೇರಿಂಗು ಹೊರಬಂದು ನನ್ನ ಮುಖವನ್ನೇ ನೋಡಿತು. ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಸುಳ್ಳು ಹೀಗೆ ಕೈಗೆ ಬಂದರೆ ಸ್ಟೂಲಿನ ಮೇಲೆ ನಿಲ್ಲುವುದು ಕಷ್ಟ. ನಾನು ಮೆಲ್ಲಗೆ ಇಳಿದೆ.

ಫೇರಿಂಗು ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಸಿನ ಬೈಕುಗಳಿಗೆ ಮುಂದೆ, ಎಡಬಲಕ್ಕೆ ಗಾಳಿ ಸೀಳಲೆಂದು ಒಂದು ಕವಚ ಇರುತ್ತದಲ್ಲ, ಅದು. ಕಂಪನಿಯಿಂದಲೇ ಹಾಕಿಕೊಂಡು ಬರುವ ಬೈಕುಗಳ ಬೆಲೆ ಕೇಳಿಯೇ ನಮಗೆ ಗಾಳಿ ಬಡಿಯುತ್ತಿತ್ತು. ಅದಕ್ಕೆ ನಮ್ಮಂಥವರ ನೂರು ಸಿಸಿ ಬೈಕಿಗೂ ತೊಡಿಸಲೆಂದು ಫೈಬರಿನಲ್ಲಿ ಮಾಡಿ ಮಾರುವವರಿದ್ದರು. ಹಿಮಾಯತ್‌ನಗರದ ಹಿಂದಿನ ಗಲ್ಲಿಯಲ್ಲಿ ಜಬ್ಬಾರ್ ಭಾಯ್ ಅವರ ಅಂಗಡಿ ಇತ್ತು. ಅದರ ಮೇಲಿನ ಮಹಡಿಯ ಕೋಣೆಯಲ್ಲಿ ನಾನು ಮತ್ತು ನಮ್ಮ ಲಿಂಗಸುಗೂರು ಕಡೆಯವನೇ ಆದ ಈರಣ್ಣ ಇದ್ದೆವು. ದಿನಾ ಇಳಿಯುವಾಗ ಒಂದು ಸಲ, ಏರುವಾಗ ಒಂದು ಸಲ ಆ ಫೇರಿಂಗುಗಳನ್ನು ನೋಡಬೇಕು. ಎಷ್ಟು ದಿನ ಅಂತ ತಡೆಯುವುದು?

ಹೈದರಾಬಾದಿನ ಪಶ್ಚಿಮದ ತುದಿಯಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆಂದು ಊರಲ್ಲಿ ಸುದ್ದಿಯಾಗಿತ್ತು. ಸುದ್ದಿ ಸುಳ್ಳೇನಲ್ಲ. ಆದರೆ ಅಲ್ಲಿ ನನ್ನ ಕೆಲಸ ಕುರ್ಚಿ ಎಣಿಸುವುದು. ವಾರಕ್ಕೆ ಐವತ್ತು ಜನ ಹೊಸದಾಗಿ ಸೇರುತ್ತಿದ್ದರು, ಅವರಿಗೆಲ್ಲ ಕುರ್ಚಿ, ಟೇಬಲ್ಲು, ಕೊರಳಿಗೆ ಹಾಕುವ ಗುರುತಿನ ಚೀಟಿ ಹೊಂದಿಸುವವನು ನಾನು. ಕುರ್ಚಿಯಲ್ಲಿ ಕೂರುವವರೆಲ್ಲ ದೊಡ್ಡ ಬೈಕಿನಲ್ಲಿ ಬರುತ್ತಿದ್ದರು. ಕುರ್ಚಿ ಕೊಡುವವನು ಮಾತ್ರ ಸೆಕೆಂಡ್ ಹ್ಯಾಂಡ್ ನೂರು ಸಿಸಿಯಲ್ಲಿ ಕೆಮ್ಮುತ್ತಾ ಬರುವುದೇ?

ಜಬ್ಬಾರ್ ಭಾಯ್ ಆರು ಸಾವಿರ ಅಂದರು. ನಾಲ್ಕು ದಿನ ಹತ್ತಿ ಇಳಿದು ನಾಲ್ಕು ಸಾವಿರದ ಎಂಟುನೂರಕ್ಕೆ ತಂದೆ. ಅದಕ್ಕಿಂತ ಕೆಳಗೆ ಕೇಳಿದಾಗ ಅವರು ಬೀಡಿ ತೆಗೆದು, "ಲೇನಾ ಹೈ ತೋ ಲೇವ್, ನೈ ತೋ ಹಾತ್ ನಕ್ಕೋ ಲಗಾವ್" ಅಂದರು. ತಗೊಳ್ಳುವುದಿದ್ದರೆ ತಗೋ, ಇಲ್ಲವಾದರೆ ಮುಟ್ಟಬೇಡ ಎಂದು. ನಾನು ಆಗಲೇ ಮುಟ್ಟಿಬಿಟ್ಟಿದ್ದೆ.

ಕೆಂಪು ಫೇರಿಂಗು ತೊಟ್ಟು ನನ್ನ ಬೈಕು ನಿಂತಾಗ ಇಡೀ ಗಲ್ಲಿ ಅಭಿಪ್ರಾಯ ಕೊಡಲು ಕೆಳಗಿಳಿಯಿತು. ಇಸ್ತ್ರಿ ಅಂಗಡಿಯವನು, ಬೈಕಿಗೆ ಮದುವೆ ಕೋಟು ತೊಡಿಸಿದಂತಿದೆ, ಆದರೆ ಅಳತೆ ಬೇರೆಯವರದು ಅಂದ. ಮೆಸ್ಸಿನವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎರಡು ಹೆಡ್‌ಲೈಟಿನಲ್ಲಿ ಒಂದು ಬರೀ ಸ್ಟಿಕ್ಕರು ಎಂಬುದನ್ನು ಪತ್ತೆ ಹಚ್ಚಿದರು. ಮನೆ ಮಾಲೀಕರು ತೆಲುಗಿನಲ್ಲಿ, ಈಗ ಇದನ್ನು ಕಾರಿನ ಲೆಕ್ಕದಲ್ಲಿ ಹಿಡಿದು ಪಾರ್ಕಿಂಗ್ ಬಾಡಿಗೆ ಹಾಕಬೇಕೋ ಹೇಗೆ ಎಂದು ಕೇಳಿದರು. ಈರಣ್ಣ ಮಾತ್ರ ಹಿಂದೆ ಕೈ ಕಟ್ಟಿ ನಿಂತಿದ್ದ. ಕೊನೆಗೆ ಅವನು ಕೇಳಿದ್ದು ಒಂದೇ ಮಾತು.

"ಎಷ್ಟಾತು?"

ನಮ್ಮ ಕಡೆಯ ಜನರ ನಡುವೆ ಬೆಳೆದವರಿಗೆ ಈ ಮಾತಿನ ತೂಕ ಗೊತ್ತು. ಹೊಸ ಅಂಗಿ ಹಾಕಿದರೂ ಎಷ್ಟಾತು, ಕೈಯಲ್ಲಿ ಬದನೆಕಾಯಿ ಚೀಲ ಕಂಡರೂ ಎಷ್ಟಾತು, ಆಸ್ಪತ್ರೆಯಿಂದ ಹಲ್ಲು ಕೀಳಿಸಿಕೊಂಡು ಬಂದರೂ ಬಾವು ಇಳಿಯುವ ಮೊದಲು ಎಷ್ಟಾತು. ನೀವು ಎಷ್ಟೇ ಹೇಳಿ, ಕೇಳಿದವರು ತುಸು ಸುಮ್ಮನಿದ್ದು, "ಮೋಸ ಹೋದಿ" ಅನ್ನುತ್ತಾರೆ. ಅದಕ್ಕೇ ನಾವೆಲ್ಲ ಹುಟ್ಟಿನಿಂದಲೇ ಕಲಿತ ವಿದ್ಯೆಯೊಂದಿದೆ: ಕೊಟ್ಟದ್ದಕ್ಕಿಂತ ಕಡಿಮೆ ಹೇಳುವುದು. ನೂರಕ್ಕೆ ಎಂಬತ್ತು ಹೇಳುವುದು ಮರ್ಯಾದೆಯ ಪದ್ಧತಿ. ನಾನು ಆ ದಿನ ಉದ್ವೇಗದಲ್ಲಿ ಪದ್ಧತಿ ಮೀರಿಬಿಟ್ಟೆ.

"ಹದಿನೆಂಟುನೂರು" ಅಂದೆ.

ಈರಣ್ಣ, ಹದಿನೈದುನೂರಕ್ಕೆ ಬರುತ್ತಿತ್ತು ಅಂದ. ಮೂರು ಸಾವಿರ ಕಡಿಮೆ ಹೇಳಿಯೂ ಮೋಸ ಹೋದವನು ನಾನೇ ಆದೆ. ಆಫೀಸಿನಲ್ಲಿ ಬೈಕು ಹುಚ್ಚಿನವರದೊಂದು ಮೇಲ್ ಗುಂಪಿತ್ತು. ಅಲ್ಲಿಗೂ ಒಂದು ಫೋಟೋ, ಜೊತೆಗೆ ಇದೇ ಹದಿನೆಂಟುನೂರನ್ನು ಕಳಿಸಿ ಅಭಿಪ್ರಾಯ ಕೇಳಿದೆ. ಈ ಬೆಲೆಗೆ ಬಂದಿದ್ದರೆ ಕದ್ದ ಮಾಲಿರಬೇಕು ಎಂದೊಬ್ಬ, ಕದ್ದದ್ದಕ್ಕೆ ಇದು ದುಬಾರಿ ಎಂದು ಇನ್ನೊಬ್ಬ. ಗಾಳಿ ಎಲ್ಲಿ ಹೊಕ್ಕು ಎಲ್ಲಿ ಹೊರಡಬೇಕೆಂದು ಎರಡು ಪುಟ ಬರೆದವನು ದಿನಾ ಆಫೀಸ್ ಬಸ್ಸಿನಲ್ಲಿ ಬರುವವನು. ನನ್ನ ಬೈಕು ಐವತ್ತೈದು ದಾಟಿದರೆ ನಡುಗುತ್ತಿತ್ತು, ಆ ವೇಗಕ್ಕೆ ಗಾಳಿ ತಾನಾಗಿಯೇ ದಾರಿ ಬಿಡುತ್ತಿತ್ತು.

ಒಂದು ದೋಷವನ್ನು ಯಾರೂ ಹಿಡಿಯಲಿಲ್ಲ, ನಾನೂ ಹೇಳಲಿಲ್ಲ. ಬಲಕ್ಕೆ ತಿರುಗಿಸಿದರೆ ಹ್ಯಾಂಡಲ್ಲು ಅರ್ಧಕ್ಕೇ ಫೇರಿಂಗಿಗೆ ತಾಗಿ ನಿಲ್ಲುತ್ತಿತ್ತು. ಹಾಗಾಗಿ ಬಲಕ್ಕೆ ಹೋಗಬೇಕಾದಾಗ ಮೂರು ಸಲ ಎಡಕ್ಕೆ ತಿರುಗಿ ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಊರಿನ ಎಷ್ಟೋ ಗಲ್ಲಿಗಳು ನನಗೆ ಪರಿಚಯವಾದದ್ದು ಹೀಗೆ.

ಇಂಥ ದಿನಗಳಲ್ಲಿ ಚೆನ್ನಬಸಪ್ಪನವರು ನನ್ನನ್ನು ನೋಡಲು ಬಂದರು. ರಾಯಚೂರಿನ ಹತ್ತಿ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದು, ಮಗಳಿಗೆ ಕೆಲಸ ಸಿಕ್ಕಿತೆಂದು ಮಿಯಾಪುರಕ್ಕೆ ಬಂದು ಮನೆ ಮಾಡಿದ್ದವರು. ಅವರ ಮಗಳನ್ನು ನಾನು ಒಂದು ಗುಡಿಯ ಆರತಿಯಲ್ಲಿ ನೋಡಿದ್ದೆ. ಪ್ರಸಾದದ ಎಲೆಯಲ್ಲಿ ನನಗೆ ಎರಡು ಹೋಳಿಗೆ ಬಡಿಸಿ, ಪಕ್ಕದವನಿಗೆ ಒಂದೇ ಬಡಿಸಿದ್ದಳು. ಅಷ್ಟಕ್ಕೇ ನಾನು ಬಿದ್ದುಹೋಗಿದ್ದೆ. ಹುಡುಗಿ ಒಪ್ಪಿದ್ದಾಳೆ, ಆದರೆ ತಂದೆಯದೇ ಕೊನೆಯ ಮಾತು ಎಂದು ಮಧ್ಯಸ್ಥರು ಹೇಳಿದ್ದರು. ಅದಕ್ಕೂ ಮೊದಲು ಬಂದ ಇಬ್ಬರು ವರರನ್ನು ಅವರು ತಿರುಗಿಸಿ ಕಳಿಸಿದ್ದರಂತೆ. ಒಬ್ಬ ವಾಚಿಗೆ ಹೆಚ್ಚು ಕೊಟ್ಟಿದ್ದ, ಇನ್ನೊಬ್ಬನಿಗೆ ತನ್ನ ಬೂಟಿನ ಬೆಲೆಯೇ ನೆನಪಿರಲಿಲ್ಲ.

ಬಂದವರು ಚಹಾ ಕುಡಿದರು. ಸಂಬಳ ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಕೆಳಗಿಳಿದು ಬೈಕಿನ ಮುಂದೆ ನಿಂತು ಫೇರಿಂಗನ್ನು ಬೆರಳಿನಿಂದ ತಟ್ಟಿ ನೋಡಿದರು, ಕಲ್ಲಂಗಡಿ ನೋಡುವ ಹಾಗೆ. ನನ್ನ ಎದೆಯನ್ನೇ ತಟ್ಟಿದಂತಾಯಿತು.

"ತಮ್ಮಾ, ಇದು ಎಷ್ಟಾತು?"

ಪಕ್ಕದಲ್ಲಿ ಈರಣ್ಣ ನಿಂತಿದ್ದ. ಈಗ ಬೆಲೆ ಬದಲಿಸುವಂತಿರಲಿಲ್ಲ. ಹದಿನೆಂಟುನೂರು ಅಂದೆ. ಅವರು ಫೇರಿಂಗನ್ನು ಇನ್ನೊಮ್ಮೆ ತಟ್ಟಿದರು. ನಾನು ಮೋಸ ಹೋದಿ ಎಂಬ ಮಾತಿಗೆ ತಲೆ ಒಡ್ಡಿ ನಿಂತಿದ್ದೆ. ಆದರೆ ಅವರು ಹೇಳಿದ್ದೇ ಬೇರೆ.

"ಚಳಿಗಾಲದಾಗ ನನ್ನ ಮೊಣಕಾಲಿಗೆ ಗಾಳಿ ಭಾಳ ಬಡಿತೈತಿ. ನನ್ನ ಗಾಡಿಗೂ ಒಂದು ತಂದುಬಿಡು. ನೀಲಿ ಬಣ್ಣದ್ದು."

ಆಮೇಲೆ ಅವರನ್ನು ಬಸ್‌ಸ್ಟಾಪಿಗೆ ಬಿಡಲು ಹೊರಟೆ. ಸ್ಟಾಪು ಬಲಕ್ಕಿತ್ತು. ನಾನು ಎಡಕ್ಕೆ ತಿರುಗಿದೆ. ಮತ್ತೆ ಎಡಕ್ಕೆ. ಹಿಂದಿನಿಂದ ಅವರು, ಸ್ಟಾಪು ಆ ಕಡೆ ಅಲ್ಲವೇ ಎಂದು ಕೇಳಿದಾಗ, ತಮಗೆ ಹಿಮಾಯತ್‌ನಗರ ತೋರಿಸುತ್ತಿದ್ದೇನೆ ಎಂದೆ. ನಾನು ತೋರಿಸಿದ್ದನ್ನೆಲ್ಲ ಅವರು ಗಂಭೀರವಾಗಿ ನೋಡಿದರು. ಹೆಚ್ಚಾಗಿ ಅದು ಅಂಗಡಿಗಳ ಹಿಂಬಾಗಿಲು.

ಮುಂದಿನ ವಾರ ಜಬ್ಬಾರ್ ಭಾಯ್ ಮುಂದೆ ನಾನು ಗೋಳಾಡಿದ್ದನ್ನು ಹೇಳಿದರೆ ನಿಮಗೆ ನನ್ನ ಮೇಲೆ ಉಳಿದಿರುವ ಗೌರವವೂ ಹೋದೀತು. ಮದುವೆಯ ವಿಷಯ, ಹದಿನೆಂಟುನೂರಕ್ಕೆ ಒಂದು ಕೊಡಿ ಎಂದೆ. ಆ ದುಡ್ಡಿಗೆ ಸ್ಟಿಕ್ಕರಿನ ಲೈಟು ಬರುತ್ತದೆ, ಬೇಕಾದರೆ ಹುಡುಗಿಯ ತಂದೆಗೆ ಅದನ್ನೇ ಅಂಟಿಸು ಎಂದರು. ಖರೇ ಹೇಳಿಬಿಡಲೇ ಎಂದು ಎರಡು ದಿನ ಒದ್ದಾಡಿದೆ. ಹೇಳಿದರೆ ಸುಳ್ಳುಗಾರನೂ ಹೌದು, ಮೋಸ ಹೋದವನೂ ಹೌದು. ಎರಡನೆಯದಕ್ಕೆ ಅವರು ಖಂಡಿತ ಕ್ಷಮಿಸುವುದಿಲ್ಲ. ಕಣ್ಣ ಮುಂದೆ ಆ ಎರಡು ಹೋಳಿಗೆ ಬಂದವು. ನಾಲ್ಕು ಸಾವಿರದ ಎಂಟುನೂರು ಕೊಟ್ಟು ನೀಲಿ ಫೇರಿಂಗು ಹೊತ್ತು ತಂದೆ. ಆ ತಿಂಗಳು ಮೆಸ್ಸು ಬಿಟ್ಟು, ಊರಿನಿಂದ ಬಂದ ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಎರಡೂ ಹೊತ್ತು ಕಳೆದೆ.

ಮಿಯಾಪುರಕ್ಕೆ ಅದನ್ನು ಸಿಟಿ ಬಸ್ಸಿನಲ್ಲೇ ಒಯ್ಯಬೇಕಾಯಿತು. ಕಂಡಕ್ಟರು ಅದರ ಎರಡು ಕಣ್ಣಿನ ತೂತು ನೋಡಿ, ಇದು ಜೀವವೋ ಲಗೇಜೋ ತೀರ್ಮಾನಿಸಲಾಗದೆ ಅರ್ಧ ಟಿಕೆಟು ಹರಿದ. ಪಕ್ಕದ ಹೆಂಗಸು ನನ್ನನ್ನು ಕೇಳದೆಯೇ ಅದರ ಹೊಟ್ಟೆಯೊಳಗೆ ನಾಲ್ಕು ಕಟ್ಟು ಕೊತ್ತಂಬರಿ ಇಟ್ಟಳು. ಇಳಿಯುವಾಗ ಮೂರು ಕಟ್ಟು ತೆಗೆದುಕೊಂಡಳು. ಹೀಗೆ ನಾನು ಭಾವೀ ಮಾವನ ಮನೆಗೆ ಫೇರಿಂಗಿನ ಜೊತೆ ಒಂದು ಕಟ್ಟು ಕೊತ್ತಂಬರಿಯನ್ನೂ ಒಯ್ದೆ. ಗಿರಿಜಾ ಬಾಗಿಲು ತೆರೆದು ನಕ್ಕಳು. ನನಗೆ ಅಷ್ಟು ಸಾಕಿತ್ತು.

ಚೆನ್ನಬಸಪ್ಪನವರು ಒಳಗಿಂದ ದುಡ್ಡು ತಂದು ಕೊಟ್ಟರು. ಹದಿನೇಳುನೂರಾ ಐವತ್ತು. "ಸಂಬಂಧ ಆಗೂದೈತಿ, ಐವತ್ತು ಬಿಡು" ಅಂದರು. ನಾನು ದೊಡ್ಡ ಮನಸ್ಸು ಮಾಡಿದವನಂತೆ ತಲೆಯಾಡಿಸಿದೆ.

ಮದುವೆಯಾಯಿತು. ನನ್ನ ಕೆಂಪು ಫೇರಿಂಗು ಒಂದು ಸ್ಪೀಡ್ ಬ್ರೇಕರಿನ ಮೇಲೆ ಎರಡು ಹೋಳಾಯಿತು. ನಾನು ಮತ್ತೆ ಬಲಕ್ಕೆ ತಿರುಗುವವನಾದೆ. ಮಾವ ಮಾತ್ರ ಎಷ್ಟೋ ಚಳಿಗಾಲ ನೀಲಿ ಕವಚದೊಳಗೆ ಧೋತ್ರ ಸಿಕ್ಕಿಸಿಕೊಂಡು, ಮೊಣಕಾಲು ಬೆಚ್ಚಗಿಟ್ಟುಕೊಂಡು ತರಕಾರಿ ತಂದರು. ನೋಡಿದವರೆಲ್ಲ ಎಷ್ಟಾತು ಎಂದು ಕೇಳುವರು. ಅವರು ನನ್ನ ಕಡೆ ಕೈ ತೋರಿಸಿ, "ಅಳಿಯಂದ್ರು ತಂದಾರ, ಹದಿನೇಳುನೂರಾ ಐವತ್ತು" ಅನ್ನುವರು. ಪ್ರತಿ ಸಲವೂ ನನಗೆ ಕಿವಿ ಬಿಸಿಯಾಗುತ್ತಿತ್ತು. ವಯಸ್ಸಾಗಿ ಅವರು ಗಾಡಿ ಬಿಟ್ಟ ಮೇಲೆ ಅದು ನಮ್ಮ ಅಟ್ಟ ಸೇರಿತು.

ಈಗ ಮತ್ತೆ ಭಾನುವಾರಕ್ಕೆ ಬನ್ನಿ. ಬಾಗಿಲಿಗೆ ಗುಜರಿಯವನು ಬಂದಿದ್ದ. ಕುಕ್ಕರು ತೂಗಿದ, ಕೀಬೋರ್ಡು ತೂಗಿದ, ಫೇರಿಂಗು ಮುಟ್ಟಲೂ ಇಲ್ಲ. ಫೈಬರು ಯಾರೂ ತಗೊಳ್ಳುವುದಿಲ್ಲ, ಫುಕಟ್ಟೆ ಕೊಡುವುದಾದರೆ ಒಯ್ಯುತ್ತೇನೆ ಅಂದ. ಫುಕಟ್ಟೆ! ನನಗೆ ಎಲ್ಲಿತ್ತೋ ಸಿಟ್ಟು. ಒಂದು ತಿಂಗಳು ಒಣರೊಟ್ಟಿ ತಿಂದದ್ದು ನೆನಪಾಯಿತು. ನಾಲ್ಕು ಸಾವಿರದ ಎಂಟುನೂರು ಎಣಿಸಿ ಕೊಟ್ಟು ತಂದ ಮಾಲು ಕಣಯ್ಯಾ ಇದು ಎಂದು ಅವನ ಭಾಷೆಯಲ್ಲೇ ಕೂಗಿಬಿಟ್ಟೆ.

ಕೂಗಿದ ಮೇಲೆ ಹಿಂದೆ ಕುರ್ಚಿ ಇರುವುದು ನೆನಪಾಯಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಮಾವ ತುಸು ಸುಮ್ಮನಿದ್ದರು.

"ಮೋಸ ಹೋಗೀರಿ ನೋಡ್ರಿ" ಅಂದರು. "ನನಗ ಆ ಜಬ್ಬಾರ ನಾಕು ಸಾವಿರದ ಎರಡುನೂರಕ್ಕ ಕೊಡಾಕ ಒಪ್ಪಿದ್ದ."

ನಾನು ಸ್ಟೂಲಿನ ಮೇಲೆ ಕುಳಿತೆ. ನನ್ನನ್ನು ನೋಡಿ ಹೋದ ಮರುದಿನವೇ ಅವರು ಒಬ್ಬರೇ ಜಬ್ಬಾರ್ ಭಾಯ್ ಅಂಗಡಿಗೆ ಹೋಗಿದ್ದರಂತೆ. ಬೆಲೆ ಕೇಳಿ, ಚೌಕಾಸಿ ಮಾಡಿ, ಕೈ ಬೀಸಿಕೊಂಡು ಬಂದಿದ್ದರಂತೆ. ಇಪ್ಪತ್ತು ವರ್ಷ ಈ ಮನುಷ್ಯ ನನ್ನನ್ನು ಬೇಯಿಸಿದ್ದರಲ್ಲಾ ಎಂದು ಒಂದು ಕಡೆ ಸಿಟ್ಟು, ಒಂದು ಕಡೆ ನಗು.

"ಮತ್ತ ನನ್ನ ಕಡೆ ಯಾಕ ತರಿಸಿದ್ರಿ, ಮಾವಾರ?"

"ತರ್ತೀರೋ ಇಲ್ಲೋ ನೋಡಬೇಕಿತ್ತು. ಸುಳ್ಳು ಎಲ್ಲಾರೂ ಹೇಳ್ತಾರ. ಹೇಳಿದ ಸುಳ್ಳಿಗೆ ತಮ್ಮ ಕಿಸೇದಿಂದ ಮೂರು ಸಾವಿರ ಹಾಕಾವ್ರು ಎಲ್ಲಿ ಸಿಗ್ತಾರ? ಮನ್ಯಾಗ ಹೇಳ್ದೆ, ಹುಡುಗ ಶ್ಯಾಣ್ಯಾ ಅಲ್ಲ, ಆದ್ರ ಹೆಣ್ಣು ಕೊಡಬಹುದು ಅಂತ."

ಫೇರಿಂಗನ್ನು ತೊಡೆಯ ಮೇಲೆ ಎಳೆದುಕೊಂಡೆ. ಕೊನೆಗೆ ಆ ಐವತ್ತು ರೂಪಾಯಿ ಯಾಕೆ ಹಿಡಿದಿರಿ ಎಂದು ಕೇಳಿದೆ. ಚೌಕಾಸಿ ಮಾಡದೆ ಕೊಟ್ಟಿದ್ದರೆ ನಿಮಗೆ ಸಂಶಯ ಬರುತ್ತಿರಲಿಲ್ಲವೇ ಅಂದರು.

ಗುಜರಿಯವನನ್ನು ಕಳಿಸಿ, ಫೇರಿಂಗನ್ನು ಒರೆಸಿ ಮತ್ತೆ ಅಟ್ಟಕ್ಕೇರಿಸಿದೆ. ಈ ಸಲ ಮಾವ ಎದ್ದು ಬಂದು ಸ್ಟೂಲಿನ ಕಾಲು ಹಿಡಿದುಕೊಂಡರು. ಇಳಿಯುವಷ್ಟರಲ್ಲಿ ಗಿರಿಜಾ ಬಂದಳು. ಹೆಗಲಲ್ಲಿ ಹೊಸ ಬ್ಯಾಗು.

"ಎಷ್ಟಾತವ್ವಾ?" ಮಾವ ಕೇಳಿದರು.

"ಮುನ್ನೂರಾ ಐವತ್ತು" ಅಂದಳು ಗಿರಿಜಾ, ಕಣ್ಣು ಮಿಟುಕಿಸದೆ.

ಬ್ಯಾಗಿನ ಕೆಳಗೆ ಅವಳು ಕೀಳಲು ಮರೆತ ಬೆಲೆಯ ಚೀಟಿ ದಾರದಲ್ಲಿ ತೂಗಾಡುತ್ತಿತ್ತು. ಅದರ ಮೇಲೆ ಹನ್ನೊಂದುನೂರು ಎಂದಿತ್ತು. ಮಾವ ನನ್ನನ್ನು ನೋಡಿದರು, ನಾನು ಮಾವನನ್ನು ನೋಡಿದೆ.

"ಅಗ್ಗ ಆತು" ಅಂದೆವು, ಇಬ್ಬರೂ ಒಟ್ಟಿಗೆ.