ಬಿಂದಿಗೆಯಿಂದ ಸುರಿಯಬಾರದ ನೀರು

ಬೂದಿಕೋಟೆಯಿಂದ ಬಂಗಾರಪೇಟೆಗೆ ಹೊರಡುವ ಮೊದಲ ಬಸ್ಸು ಇನ್ನೂ ಹಾರ್ನ್ ಹೊಡೆದಿಲ್ಲ. ಊರಾಚೆಯ ಮೀನಿನ ಹೊಂಡದಲ್ಲಿ ಅಮ್ಮಾಜಮ್ಮ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದಿದ್ದಾರೆ. ಕೈಯಲ್ಲೊಂದು ಗಾಜಿನ ಸೀಸೆ. ಅದನ್ನು ಓರೆಯಾಗಿ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಿ, ನೀರೊಳಗೇ ಬಿರಡೆ ಹಾಕುತ್ತಾರೆ. "ಮಾತಾಡಿಸ್ಬೇಡಿ ಸಾರ್, ಕೈ ಅಲ್ಲಾಡ್ತದೆ" ಎಂದು ನನ್ನನ್ನೇ ಗದರುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನು ದಡದಲ್ಲಿ ಕೂರುತ್ತೇನೆ.

ಐವತ್ತೆರಡರ ಅಮ್ಮಾಜಮ್ಮ ಓದಿದ್ದು ಮೂರನೇ ಕ್ಲಾಸು. ಕೂಲಿಯೇ ಬದುಕು. ಮೀನುಗಳ ಆರೋಗ್ಯದ ಸಂಶೋಧನೆಗಾಗಿ ದಿನಾ ನೀರು ಪರೀಕ್ಷಿಸಿ ಬರೆದಿಡುವ ಕೆಲಸ ಮೂರು ವರ್ಷದಿಂದ ಜೊತೆಗೂಡಿದೆ. ಹೊಂಡದ ಕಾಟ್ಲಾ, ರೋಹು ಮೀನುಗಳು ಹನ್ನೆರಡು ಹೆಂಗಸರ ಸಂಘದವು, ಇವರೂ ಅದರಲ್ಲೊಬ್ಬರು. ಸೀಸೆಗೆ ಎರಡು ಬಗೆಯ ಔಷಧಿ ಹನಿ ಬಿಡುತ್ತಾರೆ. ಕಂದು ಬಣ್ಣ ಬಂದರೆ ನೀರಿನಲ್ಲಿ ಮೀನಿಗೆ ಬೇಕಾದ ಉಸಿರು, ಅಂದರೆ ಆಮ್ಲಜನಕ, ಇದೆ; ಬಿಳಿಚಿಕೊಂಡರೆ ಇಲ್ಲ. ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಉಸಿರು ತೀರಾ ಕಮ್ಮಿ, ಅದಕ್ಕೇ ಈ ಹೊತ್ತು.

ಮೊದಲ ತಿಂಗಳಲ್ಲೇ ಎಡವಟ್ಟಾಗಿತ್ತು. "ನಲ್ಲಿ ನೀರು ಇಡ್ದು ರೂಢಿ ಅಲ್ವಾ? ಬಿಂದಿಗೇಲಿ ಮೊಗ್ದು ಮೇಲಿಂದ ಸೀಸೆಗೆ ಸುರಿದ್ಬುಟ್ಟೆ. ಸುರಿವಾಗ ಗಾಳಿ ಸೇರ್ಕಂಡದೆ. ಕಂದು ಬಣ್ಣ ಚೆನ್ನಾಗೇ ಬಂತು. ಎಲ್ಲಾ ಸರಿಯಾಗೇ ಅದೆ ಅಂತ ಬರ್ದೆ. ಹೊಂಡದಾಗೆ ಉಸ್ರು ಕಮ್ಮಿ ಆಗಿದ್ದು ಯಾರ್ಗೂ ಗೊತ್ತಾಗ್ಲಿಲ್ಲ. ನಾಕ್ ದಿನಕ್ಕೆ ಮುನ್ನೂರು ಮೀನು ಒಟ್ಟೆ ಮೇಲ್ಮಾಡ್ಕಂಡು ತೇಲಿದ್ವು." ಹೇಳುವಾಗ ಇಂದಿಗೂ ದನಿ ಇಳಿಯುತ್ತದೆ. ಪಾಪ, ಸಂಘದವರು ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಸಂಶೋಧಕಿ ಶ್ಯಾಮಲ ಮಾತ್ರ ಕೆಲಸ ಬಿಡಿಸದೆ, ಪಕ್ಕ ನಿಂತು ಸೀಸೆ ಮುಳುಗಿಸುವುದನ್ನು ಕಲಿಸಿದರು.

ಇಂದು ಸೀಸೆ ಬಿಳಿಚಿಕೊಂಡಿದೆ. ನೋಡಿದರೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ಅಯ್ಯೋ, ನಾನೂ ಎದ್ದು ನಿಲ್ಲುತ್ತೇನೆ. ನೀರು ಚಿಮ್ಮಿಸುವ ಮೋಟಾರು ಹಾಕೋಣವೆಂದರೆ ಕರೆಂಟು ಬರುವುದು ಒಂಬತ್ತಕ್ಕೆ. ಅಷ್ಟರಲ್ಲಿ ಸಂಘದ ಚಿಕ್ಕವೆಂಕಟಮ್ಮ ಸಗಣಿ ಮಂಕರಿ ಹೊತ್ತು ಬರುತ್ತಾರೆ. ಸಗಣಿ ಹಾಕಿದರೆ ಮೀನು ದಪ್ಪಗಾಗುತ್ತದೆಂದು ಇಲ್ಲಿನ ರೂಢಿ.

"ಆಕ್ಬೇಡ ಕಣೇ, ಇರೋ ಉಸ್ರೂ ಓಗ್ತದೆ! ಎಲ್ರಿಗೂ ಬಿಂದಿಗೆ ತಕಂಡು ಬರಾಕೇಳು!" ಎಂದು ಅಮ್ಮಾಜಮ್ಮ ಕೂಗುತ್ತಾರೆ.

"ಬಿಂದಿಗೆನಾ? ಅವತ್ತು ಅದ್ರಿಂದ್ಲೇ ಅಲ್ವೇನಕ್ಕಾ ನೀನು ಕೆಡ್ಸಿದ್ದು?"

"ಅದ್ಕೇ ಯೋಳ್ತಿರಾದು! ಸುರಿದ್ರೆ ಗಾಳಿ ಸೇರ್ತದೆ. ಸೀಸೆಗೆ ಸೇರ್ಬಾರ್ದು, ಮೀನಿಗೆ ಸೇರ್ಬೇಕು!"

ಓಡಿಬಂದ ಸಂಘದ ಹೆಂಗಸರ ಹನ್ನೆರಡು ಬಿಂದಿಗೆಗಳು ಮೊಗೆದು ತಲೆಯೆತ್ತರದಿಂದ ಹೊಂಡಕ್ಕೇ ಸುರಿಯುತ್ತವೆ. ನಾನೂ ಪ್ಯಾಂಟು ಮಡಚಿ ಇಳಿಯುತ್ತೇನೆ. ಹತ್ತೇ ನಿಮಿಷಕ್ಕೆ ನನ್ನ ತೋಳು ಬಿದ್ದುಹೋಗುತ್ತದೆ, ಅವರದಲ್ಲ. ಕರೆಂಟು ಬಂದು ಮೋಟಾರು ಗುರ್ರೆನ್ನುವಷ್ಟರಲ್ಲಿ ಬಿಸಿಲೂ ಏರಿ, ಮೀನುಗಳು ಒಂದೊಂದಾಗಿ ಕೆಳಗಿಳಿದಿವೆ. ಸತ್ತದ್ದು ನಾಲ್ಕೇ. ಅಮ್ಮಾಜಮ್ಮ ಮತ್ತೆ ಸೀಸೆ ಮುಳುಗಿಸುತ್ತಾರೆ. ಕಂದು ಬಣ್ಣ ಬರುತ್ತದೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ನಾನೇ.

"ನಿಮಗೇನು ಆಸೆ?" ಎಂದು ಕೇಳುತ್ತೇನೆ.

"ನಂಗೇನಾಸೆ ಸಾರ್? ಇನ್ನೊಬ್ರು ಇದ್ನ ಕಲ್ತ್ರೆ ಸಾಕು. ನಂಗೊಂದಿನ ಜ್ವರ ಬಂದ್ರೆ ಇವುಕ್ಕೆ ಯಾರವ್ರೆ?"

ಒದ್ದೆ ಸೆರಗು ಹಿಂಡುತ್ತಿದ್ದ ಚಿಕ್ಕವೆಂಕಟಮ್ಮ ಕೈ ಚಾಚುತ್ತಾರೆ. "ಕೊಡಕ್ಕಾ, ನಾನ್ ಕಲೀತೀನಿ."

ಅಮ್ಮಾಜಮ್ಮ ಸೀಸೆಯನ್ನು ಎದೆಗವಚಿಕೊಂಡು ನಗುತ್ತಾರೆ. "ಮೊದ್ಲು ಆ ಬಿಂದಿಗೆ ಅತ್ಲಾಗಿಡೇ."